ದಾರಿಗೆ ಅಡ್ಡ ನಿಲ್ಲುವ ಕೆಲಸ

ಅವನಿಗೆ ಕಂಬ ಅಂತ ಹೆಸರಿಟ್ಟವಳು ಅವನ ಅತ್ತೆ. ಮದುವೆ ಫೋಟೋದಲ್ಲಿ ಅವನ ಹಿಂದೆ ನಿಂತಿದ್ದ ಅವಳ ತಮ್ಮಂದಿರು ಯಾರೂ ಕಾಣಿಸದೆ ಹೋದಾಗ, "ಅಳಿಯನ್ನ ಹುಡುಕಿ ಅಂದ್ರೆ ಕಂಬ ತಂದು ನಿಲ್ಲಿಸಿದ್ರಲ್ಲ" ಅಂದಿದ್ದಳಂತೆ. ಹೆಸರು ಅಂಟಿಕೊಂಡಿತು. ಆಳು ಅಷ್ಟಗಲ ಇದ್ದರೂ ಸ್ವಭಾವ ಮುದುಡಿಕೊಳ್ಳುವಂಥದ್ದು. ಬಸ್ಸಿನಲ್ಲಿ ಸೀಟಿನ ತುದಿಗೆ ಕೂರುತ್ತಿದ್ದ. ಓಣಿಯಲ್ಲಿ ಯಾರಾದರೂ ಎದುರಾದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದ. ತನ್ನ ಮೈ ಇನ್ನೊಬ್ಬರ ಜಾಗ ನುಂಗುತ್ತದೆ ಎಂಬ ಅಳುಕು ಅವನಿಗೆ ಚಿಕ್ಕಂದಿನಿಂದಲೂ ಇತ್ತು.

ಪೀಠೋಪಕರಣದ ಗೋಡೌನಿನಲ್ಲಿ ಬೀರು, ಮಂಚ ಹೊತ್ತು ಹೊತ್ತು ಅವನ ಸೊಂಟ ಬಿದ್ದುಹೋಯಿತು. ಮಾಲೀಕ ಒಳ್ಳೆಯ ಮಾತಾಡಿಯೇ ಮನೆಗೆ ಕಳಿಸಿದ. ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವ ಹೆಂಡತಿಯ ದುಡಿಮೆಯಲ್ಲೇ ಮನೆ ನಡೆಯುತ್ತಿದ್ದಾಗ, ಒಂದು ದಿನ ಅವಳೇ ಸುದ್ದಿ ತಂದಳು.

"ರೈಲ್ವೆ ಸ್ಟೇಷನ್ನಿನಲ್ಲಿ ಆಳು ಬೇಕಂತೆ. ದಪ್ಪಗಿರೋರೇ ಬೇಕಂತೆ."

"ಏನು ಹೊರೋದಕ್ಕೆ?"

"ಹೊರೋದು ಏನೂ ಇಲ್ವಂತೆ. ನಿಲ್ಲೋದಂತೆ." ಹೇಳುತ್ತಾ ಹೇಳುತ್ತಾ ಅವಳಿಗೇ ಅನುಮಾನ ಬಂತು. "ನಿಲ್ಲೋಕೆ ಯಾರಾದ್ರೂ ಸಂಬಳ ಕೊಡ್ತಾರಾ? ವಿಚಾರಿಸಿಕೊಂಡು ಒಪ್ಕೋ."

ಸ್ಟೇಷನ್ನಿನ ಸೂಪರ್‌ವೈಸರ್ ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದ. ಈ ಊರಿನವರು ಎಸ್ಕಲೇಟರಿನಲ್ಲಿ ಬಲಗಡೆ ಮಾತ್ರ ನಿಲ್ಲುತ್ತಾರೆ. ಅವಸರ ಇದ್ದವರು ಹತ್ತಿಕೊಂಡು ಹೋಗಲಿ ಅಂತ ಎಡಗಡೆ ಖಾಲಿ ಬಿಡುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ತಪ್ಪಿದವರನ್ನು ಕಣ್ಣಲ್ಲೇ ಸುಟ್ಟುಬಿಡುತ್ತಾರೆ. ಇಲ್ಲಿನ ಎಸ್ಕಲೇಟರ್ ತುಂಬಾ ಎತ್ತರ. ಹತ್ತುವ ದಮ್ಮು ಯಾರಿಗೂ ಇಲ್ಲ. ಹಾಗಾಗಿ ಅರ್ಧ ಯಂತ್ರ ಬರಿದೇ ಮೇಲೆ ಹೋಗುತ್ತದೆ, ಕೆಳಗೆ ಸಾಲು ಹಳಿಯ ಅಂಚಿನವರೆಗೆ ಬೆಳೆಯುತ್ತದೆ. ಎರಡೂ ಕಡೆ ನಿಲ್ಲಿ ಅಂತ ಬೋರ್ಡ್ ಹಾಕಿದ್ದಾಯಿತು, ಮೈಕಿನಲ್ಲಿ ಕೂಗಿದ್ದಾಯಿತು. ಯಾರೂ ಸೊಪ್ಪು ಹಾಕಲಿಲ್ಲ.

"ಅದಕ್ಕೇ ನೀವು ಎಡಗಡೆ ನಿಂತುಬಿಡಬೇಕು. ಬಲಗಡೆ ಇನ್ನೊಬ್ಬರು ಇರ್ತಾರೆ. ಮೇಲೆ ಹೋಗಿ, ಇಳಿದು ಬಂದು, ಮತ್ತೆ ಹೋಗೋದು. ನೋಡಿ ನೋಡಿ ಜನಕ್ಕೂ ರೂಢಿ ಆಗುತ್ತೆ."

"ಜರುಗಿ ಅಂದ್ರೆ?"

"ಜರುಗಬಾರದು."

"ಬೈದ್ರೆ?"

"ಕೇಳಿಸಿಕೊಳ್ಳಿ. ಸಂಬಳಕ್ಕೆ ನಿಂತಿದ್ದೀವಿ ಅಂತ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡಿ. ಗೊತ್ತಾದ್ರೆ ನಾಟಕ ಅಂತ ಅಂದುಬಿಡ್ತಾರೆ."

ಜೊತೆಗಾತಿ ಒಬ್ಬ ದರ್ಜಿ ಹೆಂಗಸು. ಕೋಟಿನ ಕಾರ್ಖಾನೆಯಲ್ಲಿ ಒಳಪದರ ಹೊಲಿಯುತ್ತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಹರಿದದ್ದು, ಬಿಗಿಯಾದದ್ದು ಸರಿಮಾಡಿಕೊಡುತ್ತಿದ್ದಳು. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಕಂಬ ಅವಳನ್ನು ಅಕ್ಕ ಅಂದ, ಅವಳು ಅವನನ್ನು ತಮ್ಮ ಅಂದಳು. ಅವಳ ತೋಳಿನಲ್ಲಿ ಯಾವಾಗಲೂ ಒಂದು ದೊಡ್ಡ ಬಟ್ಟೆಚೀಲ. ಕೆಳಗಿಡುತ್ತಿರಲಿಲ್ಲ, ಯಾರ ಕೈಗೂ ಕೊಡುತ್ತಿರಲಿಲ್ಲ. ಒಮ್ಮೆ ಕಂಬ ಹಿಡಿದುಕೊಳ್ಳಲು ಕೈ ಚಾಚಿದಾಗ, "ಬೇಡ ಬಿಡು" ಅಂತ ಜಿಪ್ಪನ್ನು ಇನ್ನಷ್ಟು ಎಳೆದಳು.

ಎಡಗಡೆ ನಿಲ್ಲುವುದು ಬೀರು ಹೊರುವುದಕ್ಕಿಂತ ಕಷ್ಟ ಅಂತ ಅವನಿಗೆ ಮೊದಲ ದಿನವೇ ಗೊತ್ತಾಯಿತು. ಅವನು ಹುಟ್ಟಿ ಬೆಳೆದ ಊರಿನಲ್ಲಿ ಮುಂದೆ ಹೋಗಬೇಕಾದವನು ಭುಜದ ಮೇಲೆ ಕೈಯಿಟ್ಟು, "ಸ್ವಲ್ಪ ಸರ್ಕೋ ಮಾರಾಯ" ಅಂತ ನುಸುಳುತ್ತಿದ್ದ. ಹೋಗುತ್ತಾ ಹೋಗುತ್ತಾ ಯಾವ ಕಡೆ ಪ್ರಯಾಣ ಅಂತಲೂ ಕೇಳುತ್ತಿದ್ದ. ಇಲ್ಲಿ ಯಾರೂ ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಾರೆ. ಶೂ ಕುಟ್ಟುತ್ತಾರೆ.

"ಬೈದ್ರೆ ತಿರುಗಿ ಬೈಬಹುದು," ಅಂದ ಅವನು ಆ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ. "ಉಸಿರಿಗೆ ಏನಂತ ಉತ್ತರ ಕೊಡೋದು?"

ಹೆಂಡತಿಯ ಮನಸ್ಸು ಅವನು ಹಿಂದೆ ಹೇಳಿದ್ದ ಚೀಲದ ಕಡೆಗಿತ್ತು. "ಆ ಹೆಂಗಸಿನ ಚೀಲದಲ್ಲಿ ಏನಿರುತ್ತೆ?"

"ನಂಗೇನು ಗೊತ್ತು."

"ದಿನಾ ಪಕ್ಕದಲ್ಲೇ ನಿಲ್ತೀಯ, ಗೊತ್ತಿಲ್ಲ ಅಂತೀಯ. ಜನಜಂಗುಳಿಯಲ್ಲಿ ಅಷ್ಟು ದೊಡ್ಡ ಚೀಲ ಯಾಕೆ ಬೇಕು?"

ಆ ಮಾತು ಅವನೊಳಗೆ ಮುಳ್ಳಿನ ಹಾಗೆ ಕೂತಿತು. ಅಲ್ಲಿಂದಾಚೆಗೆ ಅವನು ಎಸ್ಕಲೇಟರಿನಲ್ಲಿ ಮುಂದೆ ನೋಡುವುದು ಬಿಟ್ಟು ಅಕ್ಕನ ಕೈ ನೋಡತೊಡಗಿದ. ಕೈ ಜಿಪ್ಪಿನ ಮೇಲಿದ್ದರೆ ಯಾಕಿದೆ ಅನ್ನಿಸುತ್ತಿತ್ತು, ಇಲ್ಲದಿದ್ದರೆ ಎಲ್ಲಿ ಹೋಯಿತು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಬೇರೆ ದೇಶದ ಪ್ರವಾಸಿಗಳ ಗುಂಪೊಂದು ಸೂಟ್‌ಕೇಸುಗಳ ಸಮೇತ ಎರಡೂ ಕಡೆ ನಿಂತು, ಗಟ್ಟಿಯಾಗಿ ನಗುತ್ತಾ ಮೇಲೇರಿತು. ಹಿಂದಿನವರು ತುಟಿ ಪಿಟಕ್ಕೆನ್ನಲಿಲ್ಲ. ಒಬ್ಬ ಮಹಾನುಭಾವ ಅವರ ಸಾಮಾನಿಗೂ ಕೈ ಕೊಟ್ಟ. ಅದೇ ಮಹಾನುಭಾವ ಮರುದಿನ ಕಂಬನ ಹಿಂದೆ ನಿಂತು, "ಊರಲ್ಲಿದ್ದೂ ಬುದ್ಧಿ ಬೇಡ್ವಾ" ಅಂತ ಗೊಣಗಿದ.

ಮೇಲೆ ಹೋದ ಮೇಲೆ ಕಂಬ ಕೇಳಿದ, "ಅವರಿಗೊಂದು ನ್ಯಾಯ, ನಮಗೊಂದು ನ್ಯಾಯಾನಾ ಅಕ್ಕ?"

"ಅವರಿಗೆ ಗೊತ್ತಿಲ್ಲ ಪಾಪ ಅಂತಾರೆ. ನಾವು ಗೊತ್ತಿದ್ದೂ ಮಾಡ್ತಿದ್ದೀವಿ ಅಂತ ಸಿಟ್ಟು. ನೀನು ಬಾಯಿ ತೆಗೆದ್ರೆ ಹೊರಗಿನವನು ಅಂತ ಗೊತ್ತಾಗುತ್ತೆ, ಬಿಟ್ಟುಬಿಡ್ತಾರೆ. ಆದ್ರೆ ನಮ್ಮ ಕೆಲಸದಲ್ಲಿ ಬಾಯಿ ತೆಗೆಯೋ ಹಾಗಿಲ್ವಲ್ಲ."

ದಿನವೂ ಅದೇ ಹೊತ್ತಿಗೆ ಬರುವವರು ಅಷ್ಟರಲ್ಲಿ ಇಬ್ಬರನ್ನೂ ಗುರುತಿಟ್ಟುಕೊಂಡಿದ್ದರು. ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ, ಯಾವ ರೈಲಿಗೂ ಹೋಗುವುದಿಲ್ಲ. ಕಂಬ ಕಂಡರೆ ಜನ ಬ್ಯಾಗನ್ನು ಎದೆಗೆ ಅವಚಿಕೊಳ್ಳತೊಡಗಿದರು.

ಆಗಲೇ ಒಂದು ಸೋಮವಾರ, ಎಸ್ಕಲೇಟರಿನ ಮೇಲ್ತುದಿಯಲ್ಲಿ ಕೋಟು ತೊಟ್ಟ ಒಬ್ಬಾತ ಜೇಬು ತಡಕಿಕೊಂಡು ನಿಂತುಬಿಟ್ಟ. ಪರ್ಸ್ ಇಲ್ಲ. ಸುತ್ತ ನೋಡಿದ, ಕಣ್ಣು ಕಂಬನ ಮೇಲೆ ನಿಂತಿತು.

"ಇವರೇ. ದಿನಾ ನೋಡ್ತೀನಿ. ಇವನು ದಾರಿಗೆ ಅಡ್ಡ ನಿಲ್ತಾನೆ, ಅವಳು ಕೈ ಹಾಕ್ತಾಳೆ."

ಇಷ್ಟು ದಿನ ಉಸಿರು ಮಾತ್ರ ಬಿಡುತ್ತಿದ್ದವರಿಗೆಲ್ಲ ಒಮ್ಮೆಗೇ ಬಾಯಿ ಬಂತು. ನಾನೂ ನೋಡಿದ್ದೀನಿ ಅಂದರು ಒಬ್ಬರು, ನನಗೆ ಮೊದಲೇ ಅನ್ನಿಸಿತ್ತು ಅಂದರು ಇನ್ನೊಬ್ಬರು. ಜನವೇ ಸುತ್ತುವರಿದು ಇಬ್ಬರನ್ನೂ ಸ್ಟೇಷನ್ನಿನ ಪೊಲೀಸ್ ಚೌಕಿಗೆ ಮುಟ್ಟಿಸಿದರು.

ಚೌಕಿಯೆಂದರೆ ಒಂದು ಮೇಜು, ಒಂದು ಬೆಂಚು, ಕಿಟಕಿಯಿಲ್ಲದ ಗೋಡೆ. ಅಲ್ಲಿ ಅಕ್ಕ, "ನಾವು ಸ್ಟೇಷನ್ನಿನ ಕೆಲಸದವರು, ಸೂಪರ್‌ವೈಸರನ್ನ ಕೇಳಿ" ಅಂದಳು. ಪೊಲೀಸಿನವನು ಫೋನ್ ಮಾಡಿದ. ಸೂಪರ್‌ವೈಸರ್ ಮೀಟಿಂಗಿನಲ್ಲಿದ್ದನಂತೆ, ಎತ್ತಲಿಲ್ಲ.

"ಎಸ್ಕಲೇಟರಿನಲ್ಲಿ ನಿಲ್ಲೋದು ಕೆಲಸಾನಾ?" ಅಂತ ಪೊಲೀಸಿನವನು ನಕ್ಕ. ಆಮೇಲೆ ಕಂಬನ ಕಡೆ ತಿರುಗಿದ. "ಇವಳು ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ ಸಾರ್."

"ಎಷ್ಟು ದಿನದ ಪರಿಚಯ?"

"ಇಲ್ಲಿಗೆ ಬಂದ ಮೇಲೇ ನೋಡಿದ್ದು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸುತ್ತಲಿನ ಮುಖಗಳೆಲ್ಲ ಅವನನ್ನೇ ನೋಡುತ್ತಿದ್ದವು. "ಅವರ ಚೀಲದಲ್ಲಿ ಏನಿರುತ್ತೋ ನಂಗೆ ಗೊತ್ತಿಲ್ಲ ಸಾರ್."

ಚೀಲದ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಅಕ್ಕ ನಿಧಾನವಾಗಿ ಅವನ ಕಡೆ ತಿರುಗಿದಳು. ಪೊಲೀಸಿನವನು ಕೈ ಚಾಚಿದ.

"ಹೆಂಗಸು ಪೊಲೀಸರು ಯಾರಾದ್ರೂ ಇದ್ರೆ ಕರೀರಿ. ಅವರಿಗೆ ತೋರಿಸ್ತೀನಿ," ಅಂದಳು ಅಕ್ಕ.

"ಕದ್ದಿದ್ದಕ್ಕೆ ಹೆಂಗಸು ಗಂಡಸು ಏನು?" ಅವನು ಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದ.

ಸೂಜಿಯ ಡಬ್ಬಿ, ಸೀಮೆಸುಣ್ಣ, ಅಳತೆಯ ಟೇಪು, ಊಟದ ಡಬ್ಬಿ. ಉಳಿದದ್ದೆಲ್ಲ ಹೆಂಗಸರ ಒಳಉಡುಪು. ಎಲಾಸ್ಟಿಕ್ ಸಡಿಲಾದದ್ದು, ಹುಕ್ಕು ಕಿತ್ತದ್ದು, ಒಂದೊಂದಕ್ಕೂ ಪಿನ್ನಿನಲ್ಲಿ ಸಿಕ್ಕಿಸಿದ ಚೀಟಿ. ಪರ್ಸ್ ಇರಲಿಲ್ಲ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಪೊಲೀಸಿನವನು ಮುಖ ಆಚೆ ಹೊರಳಿಸಿದ.

"ಸರಿಮಾಡೋಕೆ ಕೊಟ್ಟವರು ಯಾರಿಗೂ ತೋರಿಸಬೇಡ ಅಂತಲೇ ಕೊಟ್ಟಿರ್ತಾರೆ," ಅಂತ ಅವಳು ಯಾರಿಗೆ ಎಂದಿಲ್ಲದೆ ಹೇಳಿ, ಒಂದೊಂದನ್ನೇ ಮಡಿಚಿ ಚೀಲಕ್ಕೆ ಹಾಕತೊಡಗಿದಳು. ಕಳಚಿದ ಚೀಟಿಯನ್ನು ಮತ್ತೆ ಪಿನ್ನಿಗೆ ಸಿಕ್ಕಿಸಿದಳು. ಕಂಬನಿಗೆ ಅದೇ ಹೆಚ್ಚು ಕಷ್ಟವಾಯಿತು.

ಅಷ್ಟರಲ್ಲಿ ಕೋಟಿನವನ ಫೋನ್ ಗುಂಯ್‌ಗುಟ್ಟಿತು. ಕೆಳಗಿನ ಕಾಫಿ ಅಂಗಡಿಯವನು. ಪರ್ಸ್ ಕೌಂಟರಿನ ಮೇಲೇ ಬಿಟ್ಟುಹೋಗಿದ್ದೀರಿ, ಒಳಗಿದ್ದ ಕಾರ್ಡಿನಲ್ಲಿ ನಂಬರ್ ಸಿಕ್ಕಿತು ಅಂದ. ಕೋಟಿನವನು ತಪ್ಪಾಯಿತು ಅನ್ನಲಿಲ್ಲ. "ಹಾಗೆ ಅಡ್ಡ ನಿಂತ್ರೆ ಯಾರು ತಾನೇ ಏನಂದುಕೊಳ್ಳಬೇಕು" ಅಂತ ಹೇಳಿ ಹೊರಟೇಹೋದ. ಆಮೇಲೆ ಸೂಪರ್‌ವೈಸರ್ ಓಡಿ ಬಂದು, ಇವರು ನಮ್ಮವರೇ ಅಂತ ಹೇಳಿದ. ಹೇಳಬೇಕಾದ ಹೊತ್ತು ಮೀರಿತ್ತು.

ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಕಂಬ ಹಿಂದೆ ಹಿಂದೆ ಹೋದ. "ಅಕ್ಕಾ, ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬಂದಿದ್ದಲ್ಲ ಅದು. ಯಾವಾಗಿನಿಂದ ಹಾಗೆ ಅನ್ಕೊಂಡಿದ್ದೆ?"

ಸುಳ್ಳು ಹೇಳೋಣ ಅನ್ನಿಸಿತು, ನಾಲಿಗೆ ಏಳಲಿಲ್ಲ. "ಮೊದಲ ವಾರದಿಂದ."

ಅವಳು ತಲೆಯಾಡಿಸಿದಳು. "ನಂಗೂ ನಿನ್ನ ಮೇಲೆ ಅನುಮಾನ ಇತ್ತು ಕಣೋ. ಇಷ್ಟು ದೊಡ್ಡ ಆಳು ಇಷ್ಟು ಮೆತ್ತಗಿದ್ದಾನೆ ಅಂದ್ರೆ ಒಳಗೆ ಏನೋ ಇದೆ, ನನ್ನ ಚೀಲದ ಮೇಲೇ ಕಣ್ಣಿಟ್ಟಿದ್ದಾನೆ ಅಂತ. ಪೊಲೀಸರ ಮುಂದೆ ಅದನ್ನ ನಾನು ಹೇಳಲಿಲ್ಲ, ಅಷ್ಟೇ."

ಆ ದಿನ ಅವನು ಮನೆಗೆ ಹೋಗಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು, "ಚೀಲದ ವಿಷಯ ನಿನ್ನ ತಲೆಗೆ ಹಾಕಿದ್ದು ನಾನು" ಅಂದಳು. "ಹೊರಗೆ ಹಾಕಿದ್ದು ನಾನಲ್ವಾ" ಅಂದ ಅವನು.

ಮರುದಿನ ಅಕ್ಕ ಬರಲಾರಳು ಅಂದುಕೊಂಡಿದ್ದ. ಅವನಿಗಿಂತ ಮೊದಲೇ ಬಂದು ನಿಂತಿದ್ದಳು. "ಬನ್ನಿ, ರೈಲು ಬಂತು" ಅಂದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಬೇರೆ ಯಾರನ್ನಾದರೂ ಕರೆದಳೇನೋ ಅಂತ ಹಿಂದೆ ನೋಡಿದ. ಹಿಂದೆ ಯಾರೂ ಇರಲಿಲ್ಲ. ಬನ್ನಿ ಅಂದದ್ದು ಅವನಿಗೇ. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಪಕ್ಕಪಕ್ಕ ನಿಂತು ಮೇಲೆ ಹೋದರು. ಹಿಂದೆ ಯಾರೋ ಶೂ ಕುಟ್ಟಿದರು.

ಆ ಯೋಜನೆ ಹೆಚ್ಚು ದಿನ ಬಾಳಲಿಲ್ಲ. ಸಾಲು ಕಮ್ಮಿಯಾಗಿದೆ, ಆದರೆ ದೂರು ಜಾಸ್ತಿಯಾಗಿದೆ ಅಂತ ಸೂಪರ್‌ವೈಸರ್ ಒಂದು ದಿನ ನಿಲ್ಲಿಸಿಬಿಟ್ಟ. ಕಂಬನಿಗೆ ಅಲ್ಲೇ ಟಿಕೆಟ್ ಗೇಟಿನ ಹತ್ತಿರ ಕೆಲಸ ಕೊಟ್ಟ. ಸಾಮಾನು ಹೆಚ್ಚಿದ್ದವರಿಗೆ ಅಗಲದ ಗೇಟು ತೆಗೆದುಕೊಡುವುದು. ಅಕ್ಕ ಹೊಲಿಗೆ ಕೊಡುವವರ ಮನೆಗಳಿಗೆ ಹೋಗಿಬರಲು ಇನ್ನೂ ಅದೇ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಅವನು ಎದ್ದು ಗೇಟು ತೆಗೆಯುತ್ತಾನೆ. ಅವಳು ನಿಂತು, "ಚೆನ್ನಾಗಿದ್ದೀರಾ? ಮನೆಯಲ್ಲಿ ಎಲ್ಲ ಆರಾಮಾ?" ಅಂತ ವಿಚಾರಿಸಿಯೇ ಹೋಗುತ್ತಾಳೆ.

"ಅಷ್ಟು ಮರ್ಯಾದೆಯಿಂದ ಮಾತಾಡಿಸ್ತಾರಲ್ಲ, ಮತ್ಯಾಕೆ ಮುಖ ಹಾಗೆ ಮಾಡ್ಕೋತೀಯ?" ಅಂತ ಅವನು ಮನೆಯಲ್ಲಿ ಹೇಳಿದಾಗಲೆಲ್ಲ ಹೆಂಡತಿ ಕೇಳುತ್ತಾಳೆ. "ಮೊದಲು ತಮ್ಮ ಅಂತಿದ್ರು" ಅನ್ನುತ್ತಾನೆ ಅವನು.