ನಾಲ್ಕು ವಿದ್ಯೆಗಳ ಕತೆ ಕಟ್ಟಿದ ಆಯಿ

ಆಕೆಯ ಕಾಲ್ಬೆರಳ ಸಂದಿಗಳು ಸದಾ ಹಳದಿ. ಕೆಸರಿನಲ್ಲಿ ನಿಂತು ನಿಂತು ಸಂದಿ ಕೊಳೆಯುತ್ತಿದ್ದವು. ಅರಿಶಿಣಕ್ಕೆ ಎಣ್ಣೆ ಕಲಸಿ ತುಂಬಿಕೊಂಡು ಮತ್ತೆ ಗದ್ದೆಗೆ ಇಳಿಯುವಳು. ಉಗುರುಗಳಂತೂ ಅರ್ಧರ್ಧ ಉಳಿದಿದ್ದವು. ನಮ್ಮ ಬಾಜೂ ಮನೆಯಾಕೆ. ನನಗೆ ಸಂಬಂಧವೇನಿಲ್ಲ, ಊರಿಗೆಲ್ಲ ಆಯಿ, ನನಗೂ ಆಯಿ.

ನಾವು ವನದುರ್ಗದ ಕಡೆಯವರು. ಕಾಲುವೆ ಬರುವ ತನಕ ಜೋಳ, ತೊಗರಿ ಬಿಟ್ಟು ಬೇರೆ ಬೆಳೆದವರಲ್ಲ. ನೀರು ಬಂದ ಮೇಲೆ ನೆಲ್ಲು ಬಂತು, ನೆಲ್ಲಿನ ಹಿಂದೆ ಸೊಂಟನೋವು ಬಂತು. ದಿನವಿಡೀ ಬಗ್ಗಿ, ಹಿಂದಹಿಂದಕ್ಕೆ ಸರಿಯುತ್ತ ಸಸಿ ಹಚ್ಚುವ ಕೆಲಸ. ಅದಕ್ಕೆ ಆಯಿ ಹೆಂಗಸರ ಒಂದು ಗುಂಪು ಕಟ್ಟಿದ್ದಳು. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಟ್ರ್ಯಾಕ್ಟರ್ ಹೊಡೆದು ಗದ್ದೆ ಕೆಸರು ಮಾಡುವುದು, ಸಸಿಯ ಕಟ್ಟು ತಂದು ಬದುವಿಗೆ ಒಗೆಯುವುದು ನನ್ನ ಪಾಲಿಗೆ. ನನ್ನ ಕೆಲಸಕ್ಕೆ ಕೊಂಕು ತೆಗೆದು ಹೆಸರಿಟ್ಟವರು ಸುತ್ತಿನಲ್ಲಿ ಯಾರೂ ಇಲ್ಲ. ಆ ಬದುವಿನ ಮೇಲೆ ನಿಂತೇ ನಾನು ಆಯಿಯ ಕತೆ ಕೇಳಿದ್ದು.

ಸೊಂಟನೋವು ಮರೆಯಲು ಬೇರೆ ಗುಂಪಿನವರು ಹಾಡುತ್ತಿದ್ದರು. ಆಯಿಗೆ ಕೊರಳಿಲ್ಲ, ಒಡಕು ಕೊಡದಂಥ ದನಿ. ಹಾಗಾಗಿ ತಾನೇ ಒಂದು ಕತೆ ಕಟ್ಟಿದಳು. ಗುಡ್ಡದ ಮೇಲೊಂದು ಕೋಟೆ, ಕೋಟೆಯೊಳಗೆ ನಾಲ್ವರು ಅಕ್ಕತಂಗಿಯರು, ಒಬ್ಬೊಬ್ಬಳಿಗೆ ಒಂದೊಂದು ವಿದ್ಯೆ. ನೀರಿನಾಕಿ, ಬೆಂಕಿಯಾಕಿ, ಗಾಳಿಯಾಕಿ, ಮಣ್ಣಿನಾಕಿ. ಕತೆಗಿಂತ ಮೊದಲು ಆಯಿ ಕಾಯ್ದೆ ಮಾಡಿದಳು. "ಮಂತ್ರ ಹಾಕಿದ ಕೂಡಲೆ ಎಲ್ಲಾ ಆದ್ರ ಅದು ಕತಿ ಅಲ್ಲ, ಕುಡುಕನ ಮಾತು" ಅನ್ನುವಳು. ನೀರಿನಾಕಿ ಎಷ್ಟು ಕುಡಿದರೂ ಬಾಯಾರಿಕೆ ಹೋಗದು. ಬೆಂಕಿಯಾಕಿಗೆ ಜನ್ಮವಿಡೀ ತಂಗಳೇ ಊಟ. ಮಣ್ಣಿನಾಕಿ ಒಂದೊಂದು ಮಂತ್ರಕ್ಕೆ ಒಂದೀಟು ಭಾರವಾಗುತ್ತಾಳೆ, ಕಡೆಗೆ ಏಳಲು ಇನ್ನೊಬ್ಬರು ಕೈ ಕೊಡಬೇಕು.

"ಗಾಳಿಯಾಕಿಗಿ ಏನೂ ಕಷ್ಟ ಇಲ್ಲಲ್ಲ ಆಯಿ?" ಎಂದು ಸಾಲಿನಲ್ಲಿದ್ದ ಸೊಸೆಯೊಬ್ಬಳು ಕೇಳಿದಳು.

"ಐತಿ. ಆಕಿ ಒಂದೂರಾಗ ನಿಲ್ಲಂಗಿಲ್ಲ. ಗಂಡನ ಮನಿ ಇಲ್ಲ, ಅತ್ತಿ ಇಲ್ಲ, ನಾದಿನಿ ಇಲ್ಲ."

"ಇದ್ಯಾವ ಕಷ್ಟ? ಆ ವಿದ್ಯಾ ನನಗ ಕಲಿಸು ಮೊದಲ."

ಗದ್ದೆಯೆಲ್ಲ ನಕ್ಕಿತು. ಬೆಂಕಿಯಾಕಿ ಉಳಿದ ಮೂವರನ್ನೂ ಸುಟ್ಟುಬಿಡಲಿ ಎಂದು ಇನ್ನೊಬ್ಬಳು ಹಟ ಹಿಡಿದರೆ, "ಸುಟ್ಟರ ಕತಿ ಇವತ್ತ ಮುಗೀತು. ನಾಳೆ ನಿನ್ನ ಸೊಂಟ ಯಾರು ಹಿಡೀಬೇಕು?" ಅನ್ನುವಳು. ನಾಲ್ಕೂ ವಿದ್ಯೆಗೆ ಸೇರಿ ಒಂದು ದೊಡ್ಡ ಕಾಯ್ದೆಯಿತ್ತು. ಹೋದ ಜೀವವನ್ನು ಯಾವ ವಿದ್ಯೆಯೂ ತಿರುಗಿ ತರುವಂತಿಲ್ಲ.

ಮರುವರ್ಷ ನನ್ನ ಮಗ ಕಾಲುವೆಗೆ ಬಿದ್ದು ತೀರಿಕೊಂಡ. ಕೆಳಗಿನ ಊರಿನ ತೂಬಿನ ಹತ್ತಿರ ಸಿಕ್ಕ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಮಣ್ಣು ಮಾಡಿ ಬಂದ ಮೇಲೆ ನನ್ನ ಹೆಂಡತಿ ದಿನಾ ಕಾಲುವೆ ದಂಡೆಗೆ ಹೋಗಿ ಕೂರತೊಡಗಿದಳು. ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ. ಮನೆಯಲ್ಲಿ ಇನ್ನೂ ನಡೆಯಲು ಕಲಿಯುತ್ತಿದ್ದ ಮಗಳು. ನಾನು ಹರಕುಮುರುಕು ರೊಟ್ಟಿ ಬಡಿದು, ಹಾಲಿನಲ್ಲಿ ಕಿವುಚಿ ಕೂಸಿಗೆ ಉಣಿಸಿ, ಆಮೇಲೆ ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ ತರಬೇಕು. ಹೀಗೇ ಮಳೆಗಾಲ ಹೋಗಿ, ಎರಡನೇ ಬೆಳೆಗೆ ಸಸಿ ಹಚ್ಚುವ ಹೊತ್ತೂ ಬಂತು. ಒಂದು ದಿನ ಅವಳೂ ನೀರಿಗೆ ಇಳಿದಾಳು ಎಂಬ ಭಯ ನನ್ನನ್ನು ಗಾಡಿಯ ಮೇಲೂ ಬಿಡುತ್ತಿರಲಿಲ್ಲ.

ಯಾರ ಬಾಗಿಲಿಗೂ ಬೇಡಿಕೊಂಡು ಹೋದವನಲ್ಲ ನಾನು. ಆಯಿಯ ಬಾಗಿಲಿಗೆ ಹೋದೆ.

"ಆಯಿ, ನಿನ್ನ ಕತಿಯೊಳಗ ನೀರಿನಾಕಿ ಕಡಿಂದ ಒಂದು ಹುಡುಗನ್ನ ಎಬ್ಬಿಸಿಬಿಡು. ನನ್ನ ಹೇಣ್ತಿಗಿ ಒಂದೀಟು ಸಮಾಧಾನ ಆಗ್ತೈತಿ."

ಆಯಿ ಬೆರಳ ಸಂದಿಗೆ ಅರಿಶಿಣ ತುಂಬುತ್ತಿದ್ದಳು. "ಇಲ್ಲ ತಮ್ಮಾ" ಅಂದಳು.

"ನೀನ ಮಾಡಿದ ಕಾಯ್ದೆ, ನೀನ ಮುರಿ. ಕತಿನೇ ಅಲ್ಲ?"

"ನೀರು ತಿರುಗಿ ಕೊಡ್ತೈತಿ ಅಂತ ನಾ ಹೇಳಿದೆ ಅನ್ನು. ನಾಳೆ ಆಕಿ ದಂಡಿ ಬಿಟ್ಟು ಏಳ್ತಾಳೇನು? ಇನ್ನೂ ಗಟ್ಟಿ ಕುಂದ್ರತಾಳ."

ನನಗೆ ಸಿಟ್ಟು ಬಂತು, ತಿರುಗಿ ಹೊರಟೆ. "ನಾಳೆ ಆಕಿನ್ನ ಗದ್ದಿಗಿ ಕರ್ಕೊಂಡ್ ಬಾ, ಅಷ್ಟು ಮಾಡು" ಎಂದು ಹಿಂದಿನಿಂದ ಅಂದಳು.

ಕರೆದುಕೊಂಡು ಹೋದೆ. ಆಯಿ ಅವಳನ್ನು ತನ್ನ ಪಕ್ಕದ ಸಾಲಿಗೆ ಹಚ್ಚಿ, ಕತೆ ಶುರು ಮಾಡಿದಳು. ಆ ದಿನ ನೀರಿನಾಕಿಯ ಮಗ ಕೋಟೆಯ ಹೊಂಡಕ್ಕೆ ಬಿದ್ದ. ಹೆಂಗಸರ ಕೈ ನಿಂತವು. ನೀರಿನಾಕಿ ತನಗೆ ಬರುವ ಮಂತ್ರವೆಲ್ಲ ಹಾಕಿದಳು. ನೀರು ಮೇಲೇರಿ ಅವಳ ಪಾದದ ತನಕ ಬಂತು, ಮಗ ಬರಲಿಲ್ಲ. ಅವಳು ಹೊಂಡದ ದಂಡೆಯ ಮೇಲೆ ಕೂತಳು. ಅಲ್ಲಿಗೆ ಆಯಿ ನಿಲ್ಲಿಸಿದಳು.

"ಮುಂದಿಂದು ನನಗ ತಿಳೀವಲ್ದು" ಎಂದು ನನ್ನ ಹೆಂಡತಿಯ ಕಡೆ ತಿರುಗಿದಳು. "ಯವ್ವಾ, ಈಕಿ ಈಗ ಏನ್ ಮಾಡ್ಬೇಕು, ನೀ ಹೇಳು."

"ಆಕಿನ್ನ ಯಾಕ ಕೇಳ್ತಿ ಆಯಿ, ಬಿಡು" ಎಂದು, ಹಿಂದೆ ಗಾಳಿಯ ವಿದ್ಯೆ ಕೇಳಿದ್ದ ಸೊಸೆ ಗದರಿದಳು.

"ನೀ ಸಸಿ ಹಚ್ಚು" ಅಂದಳು ಆಯಿ ಆ ಸೊಸೆಗೆ.

ನಾನು ಬದುವಿನ ಮೇಲೆ ಕಟ್ಟು ಹಿಡಿದುಕೊಂಡೇ ನಿಂತಿದ್ದೆ. ಸಾಲು ಮುಗಿಯಲು ಬಂತು. ಹೆಂಡತಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕೊನೆಯ ಸಸಿ ಊರಿ, ಕೆಸರಿಗೆ ಹೇಳುವಂತೆ ಹೇಳಿದಳು. "ಮನಿಗಿ ಹೋಗ್ಲಿ. ಸಣ್ಣಾಕಿ ಉಂಡಿಲ್ಲ."

ಆಯಿ ಹೊಗಳಲಿಲ್ಲ, ಅಳಲೂ ಇಲ್ಲ. "ಹಂಗಾರ ಹೋದ್ಳು ನೋಡ್ರಿ ನೀರಿನಾಕಿ ಮನಿಗಿ" ಎಂದು ಕತೆ ಮುಂದಕ್ಕೆ ಎಳೆದಳು. ಆ ಸಂಜೆ ನನ್ನ ಹೆಂಡತಿ ಅದೇ ಕಾಲುವೆ ದಂಡೆಯ ಮೇಲೆ ನಡೆದು ಮನೆಗೆ ಬಂದಳು. ಎಲ್ಲಿಯೂ ನಿಲ್ಲಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನುವುದಿಲ್ಲ. ಇವತ್ತಿಗೂ ಕಾಲುವೆಗೆ ನೀರು ಬಿಟ್ಟ ವಾರ ನಮ್ಮ ಮನೆಯಲ್ಲಿ ಮಾತು ಕಮ್ಮಿ. ಆದರೆ ಮಗಳು ತಾಯಿಯ ಕೈಯಿಂದ ಉಂಡು ಬೆಳೆದಳು.

ಎಷ್ಟೋ ವರ್ಷಗಳ ಮೇಲೆ ಆಯಿ ತೀರಿಹೋದದ್ದು ಬೇಸಿಗೆಯಲ್ಲಿ. ಎರೆಮಣ್ಣು ಬಿರಿದು ಕಲ್ಲಾಗಿತ್ತು. ಕುಣಿ ತೋಡಲು ಮಷೀನ್ ಕರೆಸೋಣ ಅಂದರು ಹುಡುಗರು. ಬೇಡ ಅಂದೆ. "ಆ ಕಡಿ ಸರೀರಿ ಕಾಕಾ, ವಯಸ್ಸಾಗೈತಿ, ನಾವು ತೋಡ್ತೀವಿ" ಅಂದರು. ಗುದ್ದಲಿ ಯಾರ ಕೈಗೂ ಕೊಡಲಿಲ್ಲ.

ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಂಡತಿ ತಂಬಿಗೆ ಹಿಡಿದು ಕುಣಿಯ ಅಂಚಿಗೆ ಬಂದು, "ದಣಿದ್ರೇನ್ರಿ?" ಅಂದಳು. ಮದುವೆಯಾದ ದಿನದಿಂದ ಈ ಮಾತಿಗೆ ಇಲ್ಲ ಎಂದೇ ಹೇಳುತ್ತ ಬಂದವನು ನಾನು.

"ಹೂಂ, ದಣಿದೀನಿ" ಅಂದೆ.