ಆಲ್ಪ್ಸ್ ರೈಲಿಗೆ ಚರಗದ ಬುತ್ತಿ

ಗೆಳೆಯರೇ, ಚಳಿಗಾಲದ ರಜೆಗೆ ಮನೆಮಂದಿಯೆಲ್ಲ ಸ್ವಿಟ್ಜರ್ಲೆಂಡಿನ ಗಾಜಿನ ರೈಲು ಹತ್ತಬೇಕೆಂದು ಇವತ್ತು ಟಿಕೆಟ್ ಮಾಡಿಸಲು ಕುಳಿತಿದ್ದೆ. ಅವ್ವ ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ತಂದಳು.

"ಅವತ್ತ ಎಳ್ಳ ಅಮಾಸಿ ಐತಿ. ನಮ್ಮ ಯರಗುಪ್ಪಿ ಹೊಲದಾಗ ಬೆಳಿ ಚಲೋ ಬರ್ಲಿ ಅಂತ ಭೂಮಿತಾಯಿಗೆ ಎಡಿ ಹಿಡದು ಚರಗಾ ಚೆಲ್ಲವ್ರು ಯಾರು?"

"ಬ್ಯಾರೆ ದಿನಾ ಮಕ್ಕಳಿಗೆ ರಜಾ ಇಲ್ಲಬೇ."

"ಹಂಗಾದ್ರ ಬುತ್ತಿ ಕಟಗೊಂಡ ಬರ್ತೀನಿ. ರೈಲಿನ ಕಿಟಕ್ಯಾಗಿಂದನ ಚೆಲ್ಲತೀನಿ."

"ಆ ಕಿಟಕಿ ತೆರಿಯಾಕ ಬರೂದಿಲ್ಲಬೇ."

ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಕಣ್ಣು ಹಾಯುವಷ್ಟು ದೂರ ಬರೀ ಹಿಮ. ಅವ್ವ ಕನ್ನಡಕ ಏರಿಸಿ ನೋಡಿದಳು.

"ನೋಡಿದೇನು? ಯಾರೂ ಚರಗಾ ಚೆಲ್ಲಿಲ್ಲ, ಅದಕ್ಕ ಒಂದ ಕಡ್ಡಿನೂ ಬೆಳದಿಲ್ಲ!"

ಟಿಕೆಟ್ ಅಲ್ಲಿಗೇ ನಿಂತಿದೆ. ಸ್ವಿಟ್ಜರ್ಲೆಂಡಿನ ಯಾವನಾದರೂ ರೈತನ ನಂಬರ್ ಇದ್ದರೆ ಕಳಿಸಿ. ಅವ್ವ ಮಾತಾಡಬೇಕಂತೆ.