ಹಿರಿಯಳಿಗೆ ಬೆಟ್ಟ, ಕಿರಿಯಳಿಗೆ ಕೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ದೀಪದ ಕೆಳಗೆ ಕೂತ ಹೆಂಗಸು ಸೆಣಬಿನ ಎಳೆಯೊಂದನ್ನು ಕರಗಿದ ಮೇಣದಲ್ಲಿ ಅದ್ದುತ್ತಾರೆ, ಉಫ್ ಎಂದು ಊದುತ್ತಾರೆ, ಚಿಮುಟದಲ್ಲಿ ಹಿಡಿದು ಕೆಸರುಬಣ್ಣದ ಹಲಗೆಗೆ ನಾಟುತ್ತಾರೆ. ಒಂದು ಬೇರು ಆಯಿತು. ಇಂಥ ಬೇರು ಒಂದು ಮರಕ್ಕೆ ಹತ್ತು ಹನ್ನೆರಡು ಬೇಕು. ಮರವೆಂದರೆ ಕಿರುಬೆರಳಿನಷ್ಟು ಎತ್ತರ. ಸಂಜೆಯವರೆಗೆ ಬೆನ್ನು ಬಗ್ಗಿಸಿದರೆ ಎದ್ದು ನಿಲ್ಲುವುದು ಅಂಗೈಯಗಲದ ಕಾಡು.

ಇವರು ಶಾಲೆಗಳ ಭೂಗೋಳದ ಕೋಣೆಗೆ ಮಾದರಿಗಳನ್ನು ಮಾಡುವವರು. ಈಗ ಕೈಯಲ್ಲಿರುವುದು ಕಾಂಡ್ಲಾ ಕಾಡು. ಸಮುದ್ರದಂಚಿನ ಉಪ್ಪುನೀರಿನಲ್ಲಿ ಬೇರುಗಳನ್ನು ಕಾಲುಗಳಂತೆ ಊರಿ ನಿಲ್ಲುವ ಈ ಮರಗಳು ಅಲೆಯ ಏಟನ್ನು ತಾವು ತಿಂದು ಹಿಂದಿನ ಊರನ್ನು ಉಳಿಸುತ್ತವೆ ಎಂದು ಪಠ್ಯಪುಸ್ತಕದಲ್ಲಿ ಎರಡು ಸಾಲಿದೆ. ಎದುರು ಪುಟದಲ್ಲಿ ಜ್ವಾಲಾಮುಖಿಯ ಚಿತ್ರ, ಪುಟದ ತುಂಬ. ಎರಡು ಸಾಲು ಎಲ್ಲಿ, ಇಡೀ ಪುಟ ಎಲ್ಲಿ ಎಂದು ಅವರು ನನಗೆ ಪುಸ್ತಕ ತೆರೆದೇ ತೋರಿಸುತ್ತಾರೆ.

ಎಲೆಮರೆಯ ಕಾಯಿಗಳ ಬಗ್ಗೆ ನಮ್ಮ ಪುರವಣಿಯಲ್ಲಿ ಬರೆಯುತ್ತೇವೆ ಎಂದು ನಾನು ಹೇಳಿದ್ದೇ ತಡ, ಅವರ ಚಿಮುಟ ಗಾಳಿಯಲ್ಲೇ ನಿಲ್ಲುತ್ತದೆ. "ಬರೀರಿ, ಸಂತೋಷ. ಹಾಗೇ ಎಲೆ ಯಾರು ಅಂತಾನೂ ಬರೀರಿ. ಅಗೋ, ಆ ಕಡೆ ಮೇಜಲ್ಲಿ ಕೂತಿದೆ."

ಆ ಕಡೆಯ ಮೇಜಿನಲ್ಲಿ ಪ್ಲಾಸ್ಟರಿನ ಜ್ವಾಲಾಮುಖಿಗೆ ಬಣ್ಣ ಬಳಿಯುತ್ತಿರುವವರು ಅವರ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ತಲೆ ಎತ್ತದೆಯೇ ನಗುತ್ತಾರೆ. "ಇವಳದ್ದು ಬೆಳಿಗ್ಗೆನೇ ಶುರುವಾಯ್ತು ನೋಡಿ. ಇನ್ನು ನಿಮಗೆ ಕಾಫಿ ಕೂಡ ಸಿಗಲ್ಲ."

ಕಸುಬು ಮಾವನದು. ಹಿರಿಯ ಸೊಸೆ ಮನೆಗೆ ಬಂದಾಗ ಆತ ಆಕೆಗೆ ಬೆಟ್ಟ, ಜ್ವಾಲಾಮುಖಿ, ಭೂಕುಸಿತ ಕಲಿಸಿದರು. ಕೆಲವು ವರ್ಷದ ಮೇಲೆ ಕಿರಿಯವಳು ಬರುವಷ್ಟರಲ್ಲಿ ಸದ್ದು ಮಾಡುವ ಪಾಠಗಳೆಲ್ಲ ಮುಗಿದಿದ್ದವು. ಉಳಿದದ್ದು ಜೌಗು, ಮರಳದಿಬ್ಬ, ಹವಳದ ದಂಡೆ, ಕಾಂಡ್ಲಾ. ಮುಟ್ಟಿದರೆ ಮುರಿಯುವಂಥವೇ ಎಲ್ಲ.

"ಮೊದಲು ಬಂದವಳಿಗೆ ಬೆಟ್ಟ, ಆಮೇಲೆ ಬಂದವಳಿಗೆ ಕೆಸರು" ಎನ್ನುತ್ತಾರೆ ಕಿರಿಯಳು. "ಮಾವ ಒಳ್ಳೆಯವರೇ. ಆದ್ರೂ ಹಂಚೋವಾಗ ಒಂದ್ಸಲ ನನ್ನ ಮುಖ ನೋಡಬಹುದಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೈ ನಂದು, ಬಾಯಿ ಅಕ್ಕಂದು."

ಬಿಸಿ ಮೇಣ ತಾಗಿ ತಾಗಿ ಅವರ ಬೆರಳ ತುದಿಗಳು ಗಟ್ಟಿಯಾಗಿವೆ. ಪಾತ್ರೆ ಬಿಸಿಯಿದೆಯೋ ತಣ್ಣಗಿದೆಯೋ ತಿಳಿಯಲು ಮೊಣಕೈ ತಾಗಿಸಿ ನೋಡುತ್ತಾರೆ. ಕತ್ತಿನ ನೋವಿಗೆ ವೈದ್ಯರು ತಲೆ ಬಗ್ಗಿಸಬೇಡಿ ಎಂದಿದ್ದಾರಂತೆ. "ತಲೆ ಎತ್ತಿದ್ರೆ ಅಕ್ಕನ ಬೆಟ್ಟ ಕಾಣುತ್ತೆ. ಬಗ್ಗಿಸಿದ್ರೇ ವಾಸಿ" ಎನ್ನುತ್ತಾರೆ.

ಅವರ ಹೊಟ್ಟೆಕಿಚ್ಚಿಗೆ ಕಾರಣವಿದೆ. ಅಕ್ಕನ ಬೆಟ್ಟದ ಬಾಯಿಗೆ ಅಡುಗೆ ಸೋಡಾ ಹಾಕಿ, ಕೆಂಪು ಬಣ್ಣ ಬೆರೆಸಿದ ವಿನೆಗರ್ ಸುರಿದರೆ ನೊರೆ ಬುಸ್ಸೆಂದು ಉಕ್ಕಿ ತಪ್ಪಲಿನ ಮನೆಗಳನ್ನು ಮುಳುಗಿಸುತ್ತದೆ. ಮಕ್ಕಳು ಬೆಂಚು ಹತ್ತಿ ಕೂಗುತ್ತಾರೆ. "ನನ್ನದ್ರಲ್ಲಿ ಅಲೆ ಬರುತ್ತೆ, ಮರ ತಡೆಯುತ್ತೆ, ಮನೆ ಇದ್ದಲ್ಲೇ ಇರುತ್ತೆ. ನಾನು ಸರಿಯಾಗಿ ಮಾಡಿದ್ರೆ ಏನೂ ಆಗಲ್ಲ. ಏನೂ ಆಗದೇ ಇರೋದಕ್ಕೆ ಯಾರು ಚಪ್ಪಾಳೆ ಹೊಡೀತಾರೆ ಹೇಳಿ."

ಈ ಮಾತು ನನಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಪತ್ರಿಕೆಯ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯವನು ಪ್ರವಾಹ, ಬೆಂಕಿ ಎಂದು ಮುಖಪುಟದಲ್ಲಿ ಮೆರೆಯುತ್ತಾನೆ. ಅದೇ ಪ್ರವಾಹದಲ್ಲಿ ಕೊಚ್ಚಿಹೋಗದ ಸೇತುವೆಯ ಬಗ್ಗೆ ನಾನು ಬರೆದದ್ದು ಒಳಪುಟದಲ್ಲಿ, ಪದಬಂಧದ ಪಕ್ಕ ಬಂತು. ಅವನ ಬರಹವನ್ನು ನಾನು ಇವತ್ತಿಗೂ ಪೂರ್ತಿ ಓದುವುದಿಲ್ಲ. ಹೊಟ್ಟೆ ಉರಿಯುತ್ತದೆ.

ಈಗ ಇವರ ಮುಂದಿರುವುದು ಒಂದು ಶಾಲೆಯ ಹೊಸ ಭೂಗೋಳದ ಕೋಣೆ. ಅದರ ನಡುವೆ, ಕಿಟಕಿಯ ಬೆಳಕು ಬೀಳುವಲ್ಲಿ, ಇಡೀ ತರಗತಿ ಸುತ್ತ ನಿಲ್ಲಬಹುದಾದ ಒಂದು ಮೇಜಿದೆ. ಅದರ ಮೇಲೆ ಒಂದೇ ಮಾದರಿಗೆ ಜಾಗ. ಎರಡನ್ನೂ ತನ್ನಿ, ಮಕ್ಕಳಿಗೆ ತೋರಿಸಿ ಯಾವುದೆಂದು ತೀರ್ಮಾನ ಮಾಡೋಣ ಎಂದಿದ್ದಾರೆ ಟೀಚರ್. ಸೋತದ್ದು ಬೀರುವಿನ ಮೇಲೆ. ಕಿರಿಯಳ ಮಾದರಿಗಳು ಇದುವರೆಗೆ ಸೇರಿದ್ದೆಲ್ಲ ಬೀರುವಿನ ಮೇಲೆಯೇ. "ಮರಳದಿಬ್ಬ ಮಾಡಿಕೊಟ್ಟಿದ್ದೆ. ಮುಂದಿನ ವರ್ಷ ಹೋಗಿ ನೋಡಿದ್ರೆ ಅದರ ಮೇಲೆ ಧೂಳು ಕೂತು ಇನ್ನೊಂದು ದಿಬ್ಬ ಆಗಿತ್ತು."

ಈ ಸಲ ಮಧ್ಯದ ಮೇಜು ತನಗೇ ಬೇಕು ಎಂದು ಅವರು ಹಟ ಹಿಡಿದಿದ್ದಾರೆ. ಆ ಹಟದಲ್ಲೇ ಒಂದು ಎಡವಟ್ಟೂ ಆಯಿತು. ಅಕ್ಕನ ಬೆಟ್ಟಕ್ಕಿಂತ ಚಂದ ಕಾಣಲೆಂದು ಮೊದಲ ಕಾಡನ್ನು ನೀಟಾಗಿ, ಸಾಲುಸಾಲಾಗಿ, ಎಲೆಗೆಲ್ಲ ಮಿರಿಮಿರಿ ಬಣ್ಣ ಹಚ್ಚಿ ನೆಟ್ಟರು. ಅದನ್ನು ತಗಡಿನ ತಟ್ಟೆಯ ಒಂದು ತುದಿಗಿಟ್ಟು ನೀರು ತುಂಬಿ, ಇನ್ನೊಂದು ತುದಿಯಿಂದ ಹಲಗೆಯ ತುಂಡು ತಳ್ಳಿ ಅಲೆ ಎಬ್ಬಿಸಿದರೆ ನೀರು ಸಾಲುಗಳ ನಡುವೆ ಸರಾಗವಾಗಿ ನುಗ್ಗಿ ಹಿಂದಿನ ಪುಟ್ಟ ಮನೆಗಳನ್ನೆಲ್ಲ ಎತ್ತಿಕೊಂಡು ಹೋಯಿತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಕಾಡಲ್ಲ ಕಣೇ ಇದು, ನೀರಿಗೆ ರಸ್ತೆ ಹಾಕಿಕೊಟ್ಟಿದ್ದೀಯ" ಎಂದರಂತೆ ಅಕ್ಕ. ಹೇಳಿದ್ದು ಸರಿಯಾಗಿತ್ತು, ಅದೇ ಹೆಚ್ಚು ಉರಿ. ಎಲ್ಲವನ್ನೂ ಕಿತ್ತು, ಬೇರಿಗೆ ಬೇರು ಹೆಣೆದು, ಅಡ್ಡಾದಿಡ್ಡಿ, ನೋಡಲು ಗೋಜಲಾಗಿ ಮತ್ತೆ ನೆಟ್ಟಿದ್ದಾರೆ. ನಾನು ನೋಡುತ್ತಿರುವುದು ಆ ಎರಡನೆಯ ಕಾಡಿನ ಕೊನೆಯ ಮರಗಳನ್ನು. ಒಣಗಿದ ಮೇಲೆ ಎರಡೂ ಮಾದರಿಗಳು ಒಂದೇ ಗಾಡಿಯಲ್ಲಿ ಶಾಲೆಗೆ ಹೊರಡುತ್ತವೆ. ನಾನೂ ಹಿಂದೆಯೇ ಹೋಗುತ್ತೇನೆ.

ತರಗತಿಯಲ್ಲಿ ಮೊದಲು ಜ್ವಾಲಾಮುಖಿ. ನೊರೆ ಉಕ್ಕುತ್ತದೆ, ಕಿವಿ ಕಿತ್ತುಹೋಗುವಷ್ಟು ಕೂಗು. ಆಮೇಲೆ ತಗಡಿನ ತಟ್ಟೆ. ಟೀಚರ್ ಹಲಗೆ ತಳ್ಳುತ್ತಾರೆ, ಅಲೆ ಏಳುತ್ತದೆ, ಕಾಡಿನೊಳಗೆ ಹೊಕ್ಕು ಸುಸ್ತಾಗಿ ಹಿಂದೆ ಸರಿಯುತ್ತದೆ. ಮನೆಗಳು ಇದ್ದಲ್ಲೇ ಇವೆ. "ಅಷ್ಟೇನಾ?" ಎನ್ನುತ್ತದೆ ಹಿಂದಿನಿಂದ ಒಂದು ದನಿ. ಕಿರಿಯಳು ಸೆರಗಿನ ತುದಿಯಲ್ಲಿ ಒದ್ದೆಯಿಲ್ಲದ ಕೈ ಒರೆಸಿಕೊಳ್ಳುತ್ತಾರೆ.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ರಬ್ಬರನ್ನು ತಂದು ಕಾಡಿನ ಹಿಂದಿನ ನೆಲದಲ್ಲಿ ಇಡುತ್ತಾಳೆ. "ಇನ್ನೊಂದ್ಸಲ ಮಾಡಿ ಟೀಚರ್." ಅಲೆ ಬಂದು ಹೋಗುತ್ತದೆ. ರಬ್ಬರು ಒಣಗಿಯೇ ಇದೆ. ಇನ್ನೊಬ್ಬರ ಪೆನ್ಸಿಲ್ ಮೆಂಡರ್ ಬರುತ್ತದೆ, ಯಾರದೋ ಹೇರ್‌ಪಿನ್ನು, ಮಡಿಸಿದ ಕಾಗದ. ಅಲೆ ಜೋರಾಗಲಿ ಎನ್ನುತ್ತಾರೆ. ಕೊನೆಗೆ ರಬ್ಬರಿನ ಹುಡುಗಿ ಕೈಯಿಂದ ವಾಚು ಬಿಚ್ಚಿ ಮನೆಗಳ ನಡುವೆ ಇಡುತ್ತಾಳೆ. ಟೀಚರ ಕೈ ಹಲಗೆಯ ಮೇಲೆಯೇ ನಿಲ್ಲುತ್ತದೆ. ಅವರು ಕಿರಿಯಳ ಮುಖ ನೋಡುತ್ತಾರೆ.

"ತಳ್ಳಿ" ಎನ್ನುತ್ತಾರೆ ಕಿರಿಯಳು.

ಟೀಚರ್ ಬಲವಾಗಿಯೇ ತಳ್ಳುತ್ತಾರೆ. ನೀರು ಬೇರುಗಳಲ್ಲಿ ಸಿಕ್ಕಿ, ತಿರುಗಿ, ವಾಚಿಗೆ ಇನ್ನೊಂದು ಬೆರಳಷ್ಟು ದೂರ ಇರುವಾಗ ನಿಲ್ಲುತ್ತದೆ.

ಆಮೇಲೆ ಕೈ ಎತ್ತುವ ಸರದಿ. ಮಧ್ಯದ ಮೇಜಿಗೆ ಯಾವುದು? ಬಹುತೇಕ ಎಲ್ಲ ಕೈಗಳೂ ಜ್ವಾಲಾಮುಖಿಗೆ ಏಳುತ್ತವೆ, ವಾಚು ಕಟ್ಟಿಕೊಳ್ಳುತ್ತಿರುವ ಆ ಹುಡುಗಿಯದೂ ಸೇರಿ. ಸದ್ದಿನ ಮುಂದೆ ಯಾವ ಕಾಡು ನಿಲ್ಲುತ್ತದೆ. ಕಿರಿಯಳು ಟೀಚರಿಗೆ ಹೇಳುವುದು ಇಷ್ಟು: "ಬೀರು ಮೇಲೆ ಮಾತ್ರ ಬೇಡ ಟೀಚರ್. ಮಕ್ಕಳ ಕೈಗೆ ಸಿಗೋ ಹಾಗೆ ಎಲ್ಲಾದ್ರೂ ಇಡಿ." ತಟ್ಟೆಗೆ ಬಾಗಿಲ ಬಳಿಯ ಗಿಡ್ಡ ಬೆಂಚು ಸಿಗುತ್ತದೆ.

ಖಾಲಿ ಗಾಡಿಯಲ್ಲಿ ಓರಗಿತ್ತಿಯರಿಬ್ಬರೂ ಅಕ್ಕಪಕ್ಕ ಕೂತಿದ್ದಾರೆ. ಅಕ್ಕ ಸಮಾಧಾನದ ಮಾತಿಗೆ ಬಾಯಿ ತೆರೆಯುವ ಮುಂಚೆಯೇ ಕಿರಿಯಳು ನನ್ನತ್ತ ತಿರುಗುತ್ತಾರೆ.

"ಹೊಟ್ಟೆ ಉರೀತಿದೆ, ಸುಳ್ಳು ಯಾಕೆ ಹೇಳ್ಲಿ. ಮೇಜು ಅಕ್ಕಂಗೇ ಹೋಯ್ತು. ಆದ್ರೆ ಇದನ್ನೂ ಬರ್ಕೊಳ್ಳಿ. ಕೈ ಎತ್ತಿದ್ದು ಅವಳ ಬೆಟ್ಟಕ್ಕೆ. ವಾಚು ಬಿಚ್ಚಿಟ್ಟಿದ್ದು ನನ್ನ ಕಾಡಿನ ಹಿಂದೆ."